ನಲವತ್ತೇಳನೆಯ ಸುತ್ತು

ನನಗೆ ಸಿಟ್ಟು ಬೇಗ ಬರುತ್ತದೆ. ಮುದ್ದೇಬಿಹಾಳದಲ್ಲಿ ನಮ್ಮ ಓಣಿಯವರನ್ನು ಯಾರನ್ನೇ ಕೇಳಿ, "ನಾಜಿಮಾಗ ಸಿಟ್ಟು ಮೂಗಿನ ತುದಿಗೇ ಐತ್ರಿ" ಅನ್ನುತ್ತಾರೆ. ಹಾಗಾಗಿ ಆ ಸೋಮವಾರ ಬೆಳಿಗ್ಗೆ ಇಂಡಿ ಪಟ್ಟಣದ ನಮ್ಮ ಲ್ಯಾಬಿನ ಬಾಗಿಲು ತೆಗೆದಾಗ ಸುಟ್ಟ ವಾಸನೆ ಮೂಗಿಗೆ ಬಡಿದು, ಯಂತ್ರದ ಹಿಂಬದಿಯ ಡಬ್ಬಿಯಲ್ಲಿ ಕರಕಲಾದ ಹಲ್ಲಿಯೊಂದು ಸಿಕ್ಕಾಗ, ನಾನು ಅದಕ್ಕೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಸತ್ತ ಹಲ್ಲಿಗೆ ಬೈದು ಏನು ಬಂತು? ಏನೂ ಬರಲಿಲ್ಲ. ಆದರೂ ಮನಸಾರೆ ಬೈದೆ.

ನಮ್ಮದು ನಿಂಬೆ ಬೆಳೆಗಾರರ ಸಂಘದ ಪುಟ್ಟ ಲ್ಯಾಬು. ಹಣ್ಣಿನಲ್ಲಿ ಕ್ರಿಮಿನಾಶಕ ಉಳಿದಿದೆಯೋ ಇಲ್ಲವೋ ನೋಡುವುದು ನಮ್ಮ ಕೆಲಸ. ಎರಡು ಕೋಣೆ, ಒಂದು ಎ.ಸಿ., ಒಂದು ಫ್ರಿಜ್ಜು, ಹೈದರಾಬಾದಿನ ಕಂಪನಿಯೊಂದು ಹಳೆಯದಾಯಿತೆಂದು ಮಾರಿದ ಮಾಸ್ ಸ್ಪೆಕ್ಟ್ರೋಮೀಟರು, ಮತ್ತು ನಾನು. ಆ ಯಂತ್ರದ ಹೊಟ್ಟೆಯಲ್ಲಿ ಲೀನಿಯರ್ ಅಯಾನ್ ಟ್ರ್ಯಾಪ್ ಇದೆ. ನೋಡಲಿಕ್ಕೆ ಏನೂ ಇಲ್ಲ, ಗೇಣುದ್ದವೂ ಇಲ್ಲದ ನಾಲ್ಕು ಲೋಹದ ಸರಳು, ನಡುವೆ ಖಾಲಿ ಜಾಗ. ಆದರೆ ಆ ಖಾಲಿ ಜಾಗದಲ್ಲಿ ಅದು ವಿದ್ಯುತ್ ಹತ್ತಿಸಿಕೊಂಡ ಕಣಗಳನ್ನು, ಅಂದರೆ ಅಯಾನುಗಳನ್ನು, ಎಲ್ಲಿಯೂ ತಾಗಗೊಡದೆ ಹಿಡಿದು ನಿಲ್ಲಿಸುತ್ತದೆ. ನಮಗೆ ಬೇಕಾದ ತೂಕದ ಕಣವನ್ನಷ್ಟೇ ಇಟ್ಟುಕೊಂಡು ಮಿಕ್ಕವನ್ನೆಲ್ಲ ಹೊರಗೆ ದಬ್ಬುತ್ತದೆ. ಆಮೇಲೆ ಉಳಿದದ್ದನ್ನು ಕುಲುಕಿ ಒಡೆದು ಅದರ ಚೂರುಗಳನ್ನು ತೂಗುತ್ತದೆ. ಒಂದೊಂದು ವಸ್ತು ಒಂದೊಂದು ಬಗೆಯಲ್ಲಿ ಒಡೆಯುತ್ತದೆ, ಅದೇ ಅದರ ಗುರುತು. ಮೂರು ವರ್ಷದಿಂದ ಇದನ್ನು ನೋಡುತ್ತಿದ್ದೇನೆ, ಪ್ರತಿ ಸಲ ಚೂರುಗಳು ಪರದೆಯ ಮೇಲೆ ಎದ್ದು ನಿಂತಾಗ ನನ್ನ ಮೈ ಜುಮ್ಮೆನ್ನುತ್ತದೆ. ಸುಳ್ಳು ಯಾಕೆ ಹೇಳಲಿ.

ಆ ಸರಳುಗಳಿಗೆ ಬೇಕಾದ ವಿದ್ಯುತ್ತನ್ನು ಹೆಚ್ಚಿಸಿ ಕೊಡುವುದು ಹಿಂಬದಿಯ ಡಬ್ಬಿಯೊಳಗಿನ ಒಂದು ತಾಮ್ರದ ಸುರುಳಿ. ಹಲ್ಲಿ ಹೋಗಿ ಕೂತದ್ದು ಸರಿಯಾಗಿ ಅದರ ಮೇಲೆಯೇ.

ಹತ್ತು ಗಂಟೆಗೆ ಸಂಘದ ಕಾರ್ಯದರ್ಶಿ ಸಿದ್ದಾರೂಢ ಕೈಯಲ್ಲಿ ಒಂದು ಕಾಗದ ಹಿಡಿದು ಓಡೋಡಿ ಬಂದ. ಮುಂಬೈಯಲ್ಲಿ ಖರೀದಿದಾರರು ಮಾಡಿಸಿದ ಪರೀಕ್ಷೆಯ ವರದಿ ಅದು. ಲಕ್ಕವ್ವನ ತೋಟದ ನಿಂಬೆಯಲ್ಲಿ ನಿಷೇಧಿತ ಕ್ರಿಮಿನಾಶಕ ಸಿಕ್ಕಿದೆ ಎಂದು ಬರೆದಿತ್ತು.

"ಗುರುವಾರ ಸಂಜಿ ಐದರೊಳಗ ನಮ್ಮ ಉತ್ತರ ಹೋಗಬೇಕ್ರಿ ಮೇಡಂ," ಅಂದ. "ಇಲ್ಲಾಂದ್ರ ಲಕ್ಕವ್ವನ ಹೆಸರು ರಫ್ತಿನ ಪಟ್ಟಿಯಿಂದ ಹೊಡದ ಹಾಕ್ತಾರ. ಆಕಿ ಸಂಗಾಟ ಹನ್ನೊಂದು ಮಂದೀದೂ ಹೋಗ್ತೈತಿ."

ಲಕ್ಕವ್ವ ಯಾರೆಂದು ಹೇಳಬೇಕು. ಗೊಳಸಂಗಿ ತವರು, ಇಂಡಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು. ಐದು ವರ್ಷದ ಹಿಂದೆ, ನಿಂಬೆಗೆ ವಿಷ ಹೊಡೆಯುವುದನ್ನು ಬಿಡೋಣ ಎಂದು ಸಂಘದ ಸಭೆಯಲ್ಲಿ ಮೊದಲು ಎದ್ದು ನಿಂತವಳು. ಗಂಡಸರು ನಕ್ಕರು. ಆಕೆ ಮನೆ ಮನೆಗೆ ಹೋಗಿ ಹನ್ನೊಂದು ಜನರನ್ನು ಒಪ್ಪಿಸಿದಳು. ಆ ಹನ್ನೆರಡು ತೋಟಗಳ ಹಣ್ಣು ಈಗ ಒಂದೇ ಗುಂಪಾಗಿ ಹಡಗು ಹತ್ತುತ್ತದೆ. ಇಂಥವಳು ಕದ್ದು ವಿಷ ಹೊಡೆದಳು ಅಂತ ಕಾಗದ ಬಂದಿದೆ! ನನಗೆ ರಕ್ತ ಕುದಿಯಿತು.

ಅದೇ ತೋಟದ ಹಣ್ಣಿನ ಇನ್ನೊಂದು ಪಾಲು ನಮ್ಮ ಫ್ರಿಜ್ಜಿನಲ್ಲಿ ಸೀಲು ಹಾಕಿಕೊಂಡು ಕುಳಿತಿತ್ತು. ಯಂತ್ರ ಸರಿ ಇದ್ದಿದ್ದರೆ ಎರಡು ತಾಸಿನ ಕೆಲಸ. ಕಂಪನಿಯ ಎಂಜಿನಿಯರಿಗೆ ಫೋನು ಮಾಡಿದೆ. ಅವನು, ಈ ಮಾದರಿ ತುಂಬ ಹಳೆಯದು, ಸುರುಳಿ ಹೊರದೇಶದಿಂದ ಬರಬೇಕು, ಹನ್ನೆರಡು ವಾರ ಆಗುತ್ತದೆ ಎಂದ. ನನ್ನ ಹತ್ತಿರ ಇದ್ದದ್ದು ಮೂರೂವರೆ ದಿನ.

ಅಷ್ಟರಲ್ಲಿ ಸುದ್ದಿ ತಿಳಿದು ಲಕ್ಕವ್ವನೇ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಬಿಗಿ ಮಾಡಿಕೊಂಡು ನಿಂತಳು.

"ತಂಗಿ, ನಾ ಎಣ್ಣಿ ಹೊಡದಿಲ್ಲ," ಅಂದಳು. ನಮ್ಮ ಕಡೆ ಕ್ರಿಮಿನಾಶಕಕ್ಕೆ ಎಣ್ಣಿ ಅನ್ನುತ್ತಾರೆ. "ಹೊಡದಿದ್ರ ಹೊಡದೇನಿ ಅಂತಿದ್ದೆ. ನನಗ ಯಾರ ಅಂಜಿಕಿ ಐತಿ?"

"ನನಗ ಗೊತ್ತೈತಿ ಅಕ್ಕಾರ. ಆದ್ರ ನಾ ಹೇಳಿದ್ರ ಅವ್ರು ಕೇಳೂದಿಲ್ಲ. ಮಶಿನ್ ಹೇಳಬೇಕು. ಮಶಿನ್ ಸುರುಳಿ ಸುಟ್ಟೈತಿ."

"ಸುರುಳಿ ಅಂದ್ರ? ಮೋಟರಿನ್ಯಾಗ ಇರ್ತೈತಲ್ಲ, ಅಂಥಾದ್ದೇನು?"

"ಹೆಚ್ಚು ಕಡಿಮಿ ಅಂಥಾದ್ದ."

"ಹಂಗಾರ ಸಿಂದಗಿಗೆ ಹೋಗು. ಅಲ್ಲಿ ಬಸ್‌ಸ್ಟ್ಯಾಂಡ್ ಹಿಂದ ಶ್ರೀಶೈಲಪ್ಪ ಅದಾನ. ನನ್ನ ಬೋರಿನ ಮೋಟರ್ ಅವನ ಸುತ್ತಿದ್ದು. ಆರು ವರ್ಷ ಆತು, ಇನ್ನಾ ಒಮ್ಮಿನೂ ಸುಟ್ಟಿಲ್ಲ."

ಅಮೆರಿಕದಲ್ಲಿ ತಯಾರಾದ ಯಂತ್ರದ ಸುರುಳಿಯನ್ನು ಬೋರ್‌ವೆಲ್ ಮೋಟಾರು ಸುತ್ತುವವನ ಕೈಗೆ ಕೊಡುವುದೇ! ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ನಗಲಿಲ್ಲ. ಸುಟ್ಟ ಸುರುಳಿಯನ್ನು ಮೇಜಿನ ಮೇಲಿಟ್ಟು, ಸೂಜಿಯ ಮೊನೆಯಿಂದ ಒಂದೊಂದೇ ಸುತ್ತು ಎಣಿಸಿದೆ. ನಲವತ್ತಾರು. ಮೂರು ಸಲ ಎಣಿಸಿದೆ, ಮೂರು ಸಲವೂ ನಲವತ್ತಾರು. ಮರುದಿನ ಮೊದಲ ಬಸ್ಸಿಗೆ ಸಿಂದಗಿಗೆ ಹೊರಟೆ.

ಶ್ರೀಶೈಲಪ್ಪ ಅರವತ್ತರ ಹತ್ತಿರದ ಗಟ್ಟಿ ಆಳು. ಅಂಗಡಿಯ ತುಂಬ ಬಿಚ್ಚಿಹಾಕಿದ ಮೋಟಾರುಗಳು, ತಾಮ್ರದ ತಂತಿಯ ಉಂಡೆಗಳು, ವಾರ್ನಿಷಿನ ಗಮಲು. ಸುರುಳಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಮೇಲೇರಿಸಿ ನೋಡಿದ.

"ಇದು ಏನ್ ತಿರಗಸ್ತೈತ್ರಿ?"

"ತಿರಗ್ಸೂದಿಲ್ಲ ಕಾಕಾ. ಹಿಡದ ಇಡ್ತೈತಿ."

ಅವನಿಗೆ ತಿಳಿಯಲಿಲ್ಲ. ನನ್ನ ಚೀಲದಲ್ಲಿ ಒಂದು ನಿಂಬೆಹಣ್ಣಿತ್ತು, ಅವನ ಊಟದ ತಾಟು ಅಲ್ಲೇ ಇತ್ತು. ತಾಟಿನ ನಡುವೆ ಹಣ್ಣಿಟ್ಟು ಈ ಕಡೆ ಓರೆ ಮಾಡಿದೆ, ಹಣ್ಣು ಅಂಚಿಗೆ ಉರುಳತೊಡಗಿತು. ಬೀಳುವ ಮೊದಲೇ ಆ ಕಡೆ ಓರೆ ಮಾಡಿದೆ. ಮತ್ತೆ ಈ ಕಡೆ. ಹಣ್ಣು ನಡುವೆಯೇ ಓಲಾಡುತ್ತ ಉಳಿಯಿತು.

"ನೋಡ್ರಿ, ಅತ್ತಾಗ ಬೀಳಬೇಕು ಅನ್ನೂದ್ರೊಳಗ ಇತ್ತಾಗ, ಇತ್ತಾಗ ಬೀಳಬೇಕು ಅನ್ನೂದ್ರೊಳಗ ಅತ್ತಾಗ. ನಮ್ಮ ಮಶಿನಿನ್ಯಾಗ ತಾಟಿಲ್ಲ, ಬರೇ ಕರೆಂಟು. ಸೆಕೆಂಡಿಗೆ ಹತ್ತು ಲಕ್ಷ ಸಲ ಹಿಂಗ ಮಾಡ್ತೈತಿ. ಹಗುರ ಕಣಕ್ಕ ಒಂದ್ ನಮೂನಿ, ಭಾರ ಕಣಕ್ಕ ಒಂದ್ ನಮೂನಿ."

"ಹತ್ತು ಲಕ್ಷ ಸಲ!" ಶ್ರೀಶೈಲಪ್ಪ ನನ್ನ ಕೈಯಿಂದ ತಾಟು ಕಸಿದುಕೊಂಡ. ತಾನೇ ಆಡಿಸಿದ, ಹಣ್ಣು ಕೆಳಗೆ ಬಿತ್ತು, ಎತ್ತಿಟ್ಟು ಮತ್ತೆ ಆಡಿಸಿದ. ನಾಲ್ಕನೆಯ ಸಲಕ್ಕೆ ಹಣ್ಣು ನಿಂತಿತು. "ಅಬಬಬಾ! ಮೂವತ್ತೆಂಟು ವರ್ಷ ಸುತ್ತೇನ್ರಿ, ನನ್ನ ಸುರುಳಿ ಬರೇ ನೀರ ಎತ್ಯಾವು. ಇಂಥಾ ಕೆಲಸ ಒಮ್ಮಿನೂ ಬಂದಿಲ್ಲ!"

ಆ ಮನುಷ್ಯ ಅಂಗಡಿಗೆ ಬಂದ ಮೂರು ಗಿರಾಕಿಗಳನ್ನು ನಾಳೆ ಬರ್ರಿ ಎಂದು ಕಳಿಸಿದ. ನಾನು ಕಾಗದದ ಮೇಲೆ ನಲವತ್ತಾರು ಎಂದು ದೊಡ್ಡದಾಗಿ ಬರೆದುಕೊಟ್ಟೆ. ಅದೇ ದಪ್ಪದ ತಂತಿ ಅವನಲ್ಲಿರಲಿಲ್ಲ. ಬಾಗೇವಾಡಿಯ ಗೆಳೆಯನಿಗೆ ಫೋನು ಮಾಡಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಲು ಹೇಳಿದ. ನಾನು ಇಂಡಿಗೆ ವಾಪಸು ಬಂದು ಯಂತ್ರದ ಮಿಕ್ಕ ಭಾಗ ಒರೆಸಿ ಸಿದ್ಧಮಾಡಿದೆ. ಬುಧವಾರ ಮಧ್ಯಾಹ್ನ ಅವನೇ ಹೊಸ ಸುರುಳಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಲ್ಯಾಬಿಗೆ ಬಂದ. ಎಷ್ಟು ಚೆಂದ ಸುತ್ತಿದ್ದನೆಂದರೆ ಒಂದು ಎಳೆ ಹೆಚ್ಚು ಬಿಗಿಯಿಲ್ಲ, ಒಂದು ಎಳೆ ಸಡಿಲಿಲ್ಲ. ಮೇಲೆ ವಾರ್ನಿಷು ಹೊಡೆದು ತುದಿಗಳಿಗೆ ಅಚ್ಚುಕಟ್ಟಾಗಿ ಟೇಪು ಕಟ್ಟಿದ್ದ.

ಕೂರಿಸಿದೆವು. ಸ್ವಿಚ್ಚು ಹಾಕಿದೆ. ಯಂತ್ರ ಎದ್ದಿತು! ಶ್ರೀಶೈಲಪ್ಪ ಕೈ ಮುಗಿದ. ಯಂತ್ರವನ್ನು ಸುರುಳಿಗೆ ಹೊಂದಿಸುವ ಟ್ಯೂನ್ ಗುಂಡಿ ಒತ್ತಿದೆ. ಪರದೆಯಲ್ಲಿ ಗೆರೆ ಏರಿತು, ಏರಿತು, ಅರ್ಧಕ್ಕೆ ನಿಂತು ದಪ್ಪೆಂದು ಕೆಳಗೆ ಬಿತ್ತು. ಕೆಂಪು ದೀಪ. ಮತ್ತೆ ಒತ್ತಿದೆ. ಮತ್ತೆ ಕೆಂಪು. ಹದಿನೈದು ಸಲ ಒತ್ತಿದೆ, ಹದಿನೈದು ಸಲವೂ ಅದೇ.

ನನ್ನ ತಲೆ ಕೆಟ್ಟುಹೋಯಿತು. ಬೋರಿನ ಮೋಟಾರು ಸುತ್ತುವವರನ್ನು ನಂಬಿ ಕೂತ ನನಗೇ ಬುದ್ಧಿ ಇಲ್ಲ, ಲಕ್ಕವ್ವನ ಮಾನ ಹರಾಜಿಗೆ ಹಾಕಿದೆವು, ಅಂತೆಲ್ಲ ಬಾಯಿಗೆ ಬಂದಂತೆ ಅಂದೆ. ಆ ಹಿರಿಯ ಮನುಷ್ಯ ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತ. ಅವನ ಬೆನ್ನು ನೋಡಿ ನನಗೆ ನಾಚಿಕೆಯಾಯಿತು, ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಸಿಟ್ಟು ಬಂದಾಗ ನಾನು ಲೆಕ್ಕ ಮಾಡುತ್ತೇನೆ, ಅದು ನನ್ನ ಚಾಳಿ. ಪ್ರತಿ ಸುರುಳಿಗೂ ತನ್ನದೇ ಒಂದು ಲಯ ಇರುತ್ತದೆ. ಸುತ್ತು ಹೆಚ್ಚಾದರೆ ಲಯ ನಿಧಾನವಾಗುತ್ತದೆ, ಕಡಿಮೆಯಾದರೆ ಚುರುಕಾಗುತ್ತದೆ. ಯಂತ್ರ ಅದನ್ನು ಚೂರುಪಾರು ಸರಿಮಾಡಿಕೊಳ್ಳಬಲ್ಲದು, ನೂರಕ್ಕೆ ಒಂದರಷ್ಟು, ಅದಕ್ಕಿಂತ ಹೆಚ್ಚಿಲ್ಲ. ಪರದೆಯ ಅಂಕಿ ನೋಡಿದೆ. ಈ ಸುರುಳಿಯ ಲಯ ನೂರಕ್ಕೆ ಎರಡರಷ್ಟು ನಿಧಾನ. ಎರಡು ಯಾಕೆ? ಐದಲ್ಲ, ಹತ್ತಲ್ಲ, ಸರಿಯಾಗಿ ಎರಡು ಯಾಕೆ? ನಲವತ್ತಾರನ್ನು ನಲವತ್ತೇಳರಿಂದ ಭಾಗಿಸಿದೆ.

ನೂರಕ್ಕೆ ತೊಂಬತ್ತೆಂಟು, ಸರಿಯಾಗಿ ಎರಡು ಕಡಿಮೆ! ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೇವಿನ ಗಿಡಕ್ಕೆ ಓಡಿದೆ.

"ಕಾಕಾ! ಎಷ್ಟು ಸುತ್ತು ಹಾಕೀರಿ?"

"ನಲವತ್ತಾರರಿ. ನೀವ ಬರದ ಕೊಟ್ಟಿದ್ರಲ್ಲ."

"ಖರೇ ಹೇಳ್ರಿ. ನಲವತ್ತಾರ?"

"ನಲವತ್ತಾರ ಲೆಕ್ಕದ್ದು." ಅವನು ನೆಲ ನೋಡುತ್ತ ತಡವರಿಸಿದ. "ಮ್ಯಾಲ ಒಂದ್... ಕೊಸರು."

"ಕೊಸರಾ?"

"ನಮ್ಮಪ್ಪ ಹಾಕ್ತಿದ್ದಾ, ನಾನೂ ಹಾಕ್ತೇನ್ರಿ. ಸಂತಿಯಾಗ ಅಳತಿ ಮುಗದ ಮ್ಯಾಲ ಒಂದ್ ಹಿಡಿ ಹಾಕೂದಿಲ್ಲೇನು, ಹಂಗ. ನಮ್ಮ ಅಂಗಡ್ಯಾಗ ಸುತ್ತಿದ್ದ ಯಾವ ಮೋಟರೂ ಕೊಸರಿಲ್ದ ಹೊರಗ ಹೋಗಿಲ್ಲ. ಮೋಟರಿಗೆ ಒಂದ್ ಸುತ್ತು ಹೆಚ್ಚಾದ್ರ ಏನಾಗ್ತೈತ್ರಿ, ಏನೂ ಆಗೂದಿಲ್ಲ. ಅದೂ ಇಷ್ಟ ದೊಡ್ಡ ಕೆಲಸ, ಲಕ್ಕವ್ವನ ಕೆಲಸ. ಬರೇ ಲೆಕ್ಕಕ್ಕ ಸುತ್ತಿ ಕೊಡಾಕ ಮನಸ್ಸು ಒಪ್ಪಲಿಲ್ಲ."

"ಹೇಳಬಾರದೇನ್ರಿ ಮತ್ತ!"

"ಕೊಸರು ಹೇಳಿ ಕೊಡೂದಲ್ಲರಿ," ಅಂದ ಅವನು. ಇಷ್ಟೂ ತಿಳಿಯದವಳೇ ಎಂಬಂತೆ ನನ್ನ ಮುಖ ನೋಡಿದ.

ಇಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ನಾನು ನಗಲಿಕ್ಕೆ ಶುರುಮಾಡಿದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. "ಕಾಕಾ, ತಪ್ಪಾತು, ಭಾಳ ಒದರಾಡಿದೆ. ಆದ್ರ ಈ ಮಶಿನು ಭಾಳ ಜಿಪುಣ ಐತಿ. ಇದಕ್ಕ ಕೊಸರು ನಡಿಯೂದಿಲ್ಲ. ಒಂದ್ ಸುತ್ತು ಬಿಚ್ಚಿಬಿಡ್ರಿ."

"ಬಿಚ್ಚಬೇಕಾ?" ಅವನ ಮುಖ ಇಳಿಯಿತು. ಕೊಟ್ಟ ಕೊಸರನ್ನು ವಾಪಸು ಕೇಳುವ ಮಶಿನನ್ನು ಅವನು ಅದೇ ಮೊದಲು ನೋಡಿದ್ದು. ಆದರೂ ಬಿಚ್ಚಿದ. ಮತ್ತೆ ವಾರ್ನಿಷು ಹಚ್ಚಿದ. ಅದು ಒಣಗಬೇಕಿತ್ತು. ಅವನು ರಾತ್ರಿ ಸಿದ್ದಾರೂಢನ ಮನೆಯಲ್ಲಿ ಉಳಿದು, ಗುರುವಾರ ಬೆಳಗಿನ ಬಿಸಿಲಿಗೆ ಸುರುಳಿ ಇಟ್ಟು ಪಕ್ಕದಲ್ಲೇ ಕಾವಲು ಕೂತ. ಹಲ್ಲಿ ಬರದಿರಲಿ ಅಂತ ಕೈಯಲ್ಲಿ ಒಂದು ಕಸಬರಿಗೆ ಬೇರೆ.

ಗುರುವಾರ ಒಂದು ಗಂಟೆಗೆ ಮತ್ತೆ ಕೂರಿಸಿದೆವು. ಗುಂಡಿ ಒತ್ತಿದೆ. ಗೆರೆ ಏರಿತು, ಏರಿತು, ಅರ್ಧ ದಾಟಿತು, ತುದಿ ಮುಟ್ಟಿತು. ಹಸಿರು! ನಾನು ಕಿರುಚಿದ ಸದ್ದಿಗೆ ಆಗಷ್ಟೇ ಬಾಗಿಲಿಗೆ ಬಂದಿದ್ದ ಲಕ್ಕವ್ವ ಕೈಯಲ್ಲಿದ್ದ ಚೀಲ ಬಿಟ್ಟಳು, ನಿಂಬೆಹಣ್ಣು ಕೋಣೆಯ ತುಂಬ ಉರುಳಾಡಿದವು. ಶ್ರೀಶೈಲಪ್ಪ ಒಂದೊಂದನ್ನೂ ಹೆಕ್ಕುತ್ತ, "ನೋಡ್ ಲಕ್ಕವ್ವ, ನೀರ ಎತ್ತಾಂವ ಈಗ ಕಣ ಹಿಡಿಯಾಕತ್ತೇನಿ!" ಅಂದ.

ಯಂತ್ರಕ್ಕೆ ತೂಕದ ಅಳತೆ ಕಲಿಸುವಷ್ಟರಲ್ಲಿ ಮಧ್ಯಾಹ್ನ ಮೂರು ಹೊಡೆಯಿತು. ಸೀಲು ಒಡೆದು, ಸಿಪ್ಪೆ ಸಮೇತ ಅರೆದು ಸಿದ್ಧಮಾಡಿಟ್ಟಿದ್ದ ನಿಂಬೆಯ ಸಾರವನ್ನು ಒಳಗೆ ಬಿಟ್ಟೆ. ಸಂಶಯದ ವಸ್ತುವಿನ ತೂಕದ ಕಣ ಬಂತು. ಹಿಡಿದೆ. ಮಿಕ್ಕದ್ದನ್ನೆಲ್ಲ ಹೊರಗೆ ದಬ್ಬಿದೆ. ಕುಲುಕಿ ಒಡೆದೆ. ಪರದೆಯ ಮೇಲೆ ಚೂರು ಎದ್ದು ನಿಂತಿತು.

ಕ್ರಿಮಿನಾಶಕ ಒಡೆದಾಗ ಯಾವ ಚೂರು ಬರಬೇಕೋ ಸರಿಯಾಗಿ ಅದೇ ತೂಕದ ಚೂರು. ಮುಂಬೈಯವರು ನೋಡಿದ್ದೂ ಇದನ್ನೇ, ಅವರ ತಪ್ಪೇನೂ ಇರಲಿಲ್ಲ. ನಿಯಮದ ಪ್ರಕಾರ ಮೂರು ಸಲ ಮಾಡಬೇಕು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ. ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು.

ನಾನು ತಿರುಗಿ ನೋಡುವ ಮೊದಲೇ ಲಕ್ಕವ್ವನಿಗೆ ಗೊತ್ತಾಗಿತ್ತು. ಮೂರು ದಿನ ಗಟ್ಟಿಯಾಗಿ ನಿಂತಿದ್ದ ಆಕೆಯ ದನಿ ಮೊದಲ ಸಲ ಒಡೆಯಿತು.

"ನಂದು ಹೋದ್ರ ಹೋಗ್ಲಿ ತಂಗಿ. ಆ ಹನ್ನೊಂದು ಮಂದಿ ಮನಿಗೆ ಯಾವ ಮಾರಿ ತಗೊಂಡು ಹೋಗಲಿ? ನನ್ನ ಮಾತು ಕೇಳಿ ಬಿಟ್ಟಾರ ಅವ್ರು."

ವರದಿಯ ಫಾರ್ಮಿನಲ್ಲಿ ಇರುವುದು ಒಂದೇ ಒಡೆತದ ಪರೀಕ್ಷೆ, ಮೂರು ಸಲ. ಅದು ಮುಗಿದಿತ್ತು. ನಿಯಮದಂತೆ ನಾನು "ಇದೆ" ಎಂದು ಬರೆದು ಸಹಿ ಹಾಕಬೇಕಿತ್ತು. ಪೆನ್ನು ಕೈಯಲ್ಲಿತ್ತು.

"ಮೇಡಂ," ಶ್ರೀಶೈಲಪ್ಪ ಮೂಲೆಯಿಂದ ಮೆಲ್ಲಗೆ ಅಂದ. "ಲೆಕ್ಕದ್ದು ಮುಗೀತೇನ್ರಿ?"

"ಮುಗೀತು ಕಾಕಾ."

"ಹಂಗಾರ ಒಂದ್ ಕೊಸರು ಮಾಡಿ ನೋಡ್ರಿ. ಮಶಿನು ಜಿಪುಣ ಇದ್ರ ಇರ್ಲಿ. ನೀವಂತೂ ಅಲ್ಲಲ್ಲ."

ನಾನು ಪೆನ್ನು ಕೆಳಗಿಟ್ಟೆ. ಯಾ ಅಲ್ಲಾ! ಇದು ನನಗೆ ಯಾಕೆ ಹೊಳೆಯಲಿಲ್ಲ? ಮುಂಬೈಯವರ ಯಂತ್ರ ಒಂದೇ ಸಲ ಒಡೆಯಬಲ್ಲದು, ಚೂರು ತೂಗಿ ಹೊರಗೆ ಬಿಸಾಡುತ್ತದೆ. ನನ್ನದು ಟ್ರ್ಯಾಪು! ಚೂರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ಚೂರನ್ನು ಮತ್ತೊಮ್ಮೆ ಒಡೆಯಬಹುದು. ಎರಡು ಬೇರೆ ವಸ್ತುಗಳು ಒಂದೇ ತೂಕ ಇರಬಹುದು, ಅವುಗಳ ಚೂರೂ ಒಂದೇ ತೂಕ ಇರಬಹುದು. ಆದರೆ ಚೂರಿನ ಚೂರು?

ಎರಡನೆಯ ಒಡೆತಕ್ಕೆ ಕಣಗಳು ತೀರ ಕಡಿಮೆ ಉಳಿಯುತ್ತವೆ. ಹಾಗಾಗಿ ಟ್ರ್ಯಾಪನ್ನು ಎಂದಿಗಿಂತ ಇಪ್ಪತ್ತು ಪಟ್ಟು ಹೆಚ್ಚು ಹೊತ್ತು ತುಂಬಿಸಿದೆ. ಹಿಂಬದಿಯ ಡಬ್ಬಿ ಗುಂಯ್‌ಗುಟ್ಟಿತು. ಶ್ರೀಶೈಲಪ್ಪ ಅದರ ಪಕ್ಕ ಕಿವಿಗೊಟ್ಟು ಕುಳಿತು, "ತಡೀತೈತ್ರಿ, ನನ್ನ ಸುರುಳಿ ತಡೀತೈತಿ, ನೀವು ನಡಸ್ರಿ" ಅನ್ನುತ್ತಿದ್ದ. ಮೊದಲು, ಹೋಲಿಕೆಗೆಂದು ಲ್ಯಾಬಿನಲ್ಲಿಟ್ಟಿದ್ದ ಅಸಲಿ ಕ್ರಿಮಿನಾಶಕದ ಚೂರನ್ನು ಒಡೆದೆ. ಎರಡು ಗೆರೆ ಎದ್ದವು, ಒಂದು ಉದ್ದ, ಒಂದು ಗಿಡ್ಡ. ಪರದೆಯ ಮೇಲೆ ಹಾಗೇ ಬಿಟ್ಟೆ. ಆಮೇಲೆ ಲಕ್ಕವ್ವನ ನಿಂಬೆ. ಹಿಡಿದೆ, ಒಡೆದೆ, ಚೂರು ಹಿಡಿದೆ, ಮತ್ತೆ ಒಡೆದೆ.

ಪರದೆ ಖಾಲಿ ಇತ್ತು. ಸಣ್ಣಗೆ ಏನೋ ಅಲುಗಿತು. ಮೆಲ್ಲಗೆ ಎದ್ದಿತು, ಎದ್ದಿತು, ಒಂದೇ ಒಂದು ಗೆರೆ, ಆ ಎರಡು ಗೆರೆಗಳಿದ್ದ ಜಾಗದಲ್ಲಿ ಅಲ್ಲ, ಎಷ್ಟೋ ದೂರ ಆಚೆ! ಆ ಎರಡರ ಜಾಗದಲ್ಲಿ ಏನೂ ಇಲ್ಲ, ಬಟಾಬಯಲು. ಮತ್ತೊಮ್ಮೆ ಮಾಡಿದೆ. ಮತ್ತೊಮ್ಮೆಯೂ ಅದೇ. ಅನುಮಾನ ಉಳಿಯದಿರಲಿ ಎಂದು, ಅಂಗಡಿಯಿಂದ ತಂದು ಮೊದಲೇ ಸಿದ್ಧಮಾಡಿಟ್ಟಿದ್ದ ಬೇರೆ ನಿಂಬೆಯ ಸಿಪ್ಪೆಯ ಸಾರವನ್ನೂ ಬಿಟ್ಟು ನೋಡಿದೆ. ಅದರಲ್ಲೂ ಅದೇ ಒಂಟಿ ಗೆರೆ. ಅದು ನಿಂಬೆ ಸಿಪ್ಪೆಯ ಸ್ವಂತ ವಸ್ತು, ಹುಟ್ಟಿನಿಂದಲೇ ಬಂದದ್ದು. ಕ್ರಿಮಿನಾಶಕದ ತೂಕ ಹೊತ್ತುಕೊಂಡು ಎಲ್ಲರನ್ನೂ ಕಾಡಿತ್ತು.

"ವಿಷ ಅಲ್ಲ!" ನಾನು ಕುರ್ಚಿಯಿಂದ ಹಾರಿದೆ. "ಅಕ್ಕಾರ, ವಿಷ ಅಲ್ಲ, ಇದು ನಿಂಬಿದ! ನಿಮ್ಮ ಗಿಡದ್ದ!"

ಲಕ್ಕವ್ವ ಪರದೆಯ ಹತ್ತಿರ ಬಂದು ಆ ಒಂಟಿ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. "ಇಷ್ಟನೇನು?" ಅಂದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಗಳಗಳ ಅತ್ತಳು. ನಾನೂ ಅತ್ತೆ. ಶ್ರೀಶೈಲಪ್ಪ ಮಾತ್ರ ಡಬ್ಬಿಯ ಮೇಲೆ ಕೈಯಿಟ್ಟು, ಹುಡುಗನ ಬೆನ್ನು ತಟ್ಟಿದಂತೆ ತಟ್ಟುತ್ತಿದ್ದ. ನಾಲ್ಕು ಐವತ್ತೆರಡಕ್ಕೆ ಎಲ್ಲ ಚಿತ್ರಗಳ ಸಮೇತ ವರದಿ ಕಳಿಸಿದೆ. ಐದೂವರೆಗೆ ಉತ್ತರ ಬಂತು. ಒಪ್ಪಿದ್ದಾರೆ, ಹನ್ನೆರಡೂ ತೋಟದ ಹಣ್ಣು ಹೊರಡಬಹುದು.

ಕೊನೆಗೆ ಉಳಿದದ್ದು ಲ್ಯಾಬಿನ ರಿಜಿಸ್ಟರು. ಅದರಲ್ಲಿ ಒಂದು ಕಾಲಮ್ಮಿದೆ, "ನಿಯಮದಲ್ಲಿಲ್ಲದ ಹೆಚ್ಚುವರಿ ಪರೀಕ್ಷೆ ಮಾಡಿದ್ದರೆ ಕಾರಣ" ಅಂತ. ಮೂರು ವರ್ಷದಲ್ಲಿ ನಾನು ಆ ಕಾಲಮ್ಮಿನಲ್ಲಿ ಒಂದಕ್ಷರ ಬರೆದಿರಲಿಲ್ಲ. ಪೆನ್ನು ಹಿಡಿದು ಯೋಚಿಸುತ್ತ ಕುಳಿತೆ. ಮೇಜಿನ ಮೇಲೆ, ಶ್ರೀಶೈಲಪ್ಪ ಹಿಂದಿನ ದಿನ ಬಿಚ್ಚಿ ಹಾಕಿದ್ದ ತಾಮ್ರದ ತಂತಿ ಹಾಗೇ ಬಿದ್ದಿತ್ತು, ಆ ನಲವತ್ತೇಳನೆಯ ಸುತ್ತು. ಅದನ್ನು ಬೆರಳಿಗೆ ಸುತ್ತಿ ಚಿಕ್ಕದು ಮಾಡಿ, ಆ ಕಾಲಮ್ಮಿನಲ್ಲಿಟ್ಟು ಟೇಪು ಅಂಟಿಸಿ, ಕೆಳಗೆ ಸಹಿ ಹಾಕಿದೆ.

ಮುಂದಿನ ತಿಂಗಳು ತಪಾಸಣೆಯವರು ಬರುತ್ತಾರೆ. ಇದೇನು ಅಂತ ಕೇಳಲಿ, ಹೇಳುತ್ತೇನೆ.